1996ರ ಬೆಂಗಳೂರು ಮಿಸ್ ವರ್ಲ್ಡ್: ಯಾರು, ಯಾಕೆ ವಿರೋಧ ಮಾಡಿದ್ರು? ಗೊತ್ತಿರೋರು ಹೇಳಿ

ಹಾಸನದ_ಹೈದ (ಪ್ರಶ್ನೆ ಕೇಳಿದವರು)

ಎಲ್ರಿಗೂ ನಮಸ್ಕಾರ. 2025ರಲ್ಲಿ ಹೈದರಾಬಾದಲ್ಲಿ ಮಿಸ್ ವರ್ಲ್ಡ್ ನಡೆದಾಗ ನಮ್ಮ ಮನೇಲಿ ಟಿವಿ ನೋಡ್ತಾ ನಮ್ಮ ಚಿಕ್ಕಪ್ಪ "ಇದು ನಮ್ ಬೆಂಗಳೂರಲ್ಲೂ ಆಗಿತ್ತು ಕಣೋ, ಊರಿಗೆ ಊರೇ ಪೊಲೀಸ್ ಕ್ಯಾಂಪ್ ಆಗೋಗಿತ್ತು" ಅಂದ್ರು. ನಾನು ಹುಟ್ಟೋ ಮುಂಚಿನ ಮಾತು. ಆಮೇಲೆ ನೆಟ್ಟಲ್ಲಿ ಹುಡುಕಿದ್ರೆ ಸಿಗೋದೆಲ್ಲ ಒಂದೇ ಥರ, 1996 ನವೆಂಬರ್ 23, ಚಿನ್ನಸ್ವಾಮಿ ಸ್ಟೇಡಿಯಂ, ಗ್ರೀಸ್ ಹುಡುಗಿ ಗೆದ್ಲು, ಅಮಿತಾಭ್ ಬಚ್ಚನ್ ಕಂಪನಿ ನಡೆಸ್ತು, ಭಾರತೀಯ ಸಂಸ್ಕೃತಿ ಹಾಳಾಗುತ್ತೆ ಅಂತ ಗಲಾಟೆ ಆಯ್ತು, ಮುಗೀತು. ಆದ್ರೆ ಒಂದು ಲೇಖನದಲ್ಲಿ ರೈತ ಸಂಘದವ್ರೂ ವಿರೋಧ ಮಾಡಿದ್ರು ಅಂತಿದೆ, ಇನ್ನೊಂದ್ರಲ್ಲಿ ಎಡಪಕ್ಷದ ಮಹಿಳಾ ಸಂಘಟನೆ ಅಂತಿದೆ, ಮತ್ತೊಂದ್ರಲ್ಲಿ ಬಿಜೆಪಿ ಅಂತಿದೆ. ಈ ಮೂರೂ ಜನ ಒಂದೇ ವಿಷಯಕ್ಕೆ ಹೇಗೆ ಒಟ್ಟಿಗೆ ಬಂದ್ರು? ರೈತ್ರಿಗೂ ಸೌಂದರ್ಯ ಸ್ಪರ್ಧೆಗೂ ಏನ್ ಸಂಬಂಧ? ಆಗ ಬೆಂಗಳೂರಲ್ಲಿ ಇದ್ದೋರು, ಚಳವಳಿ ಹತ್ರದಿಂದ ನೋಡಿದೋರು ಯಾರಾದ್ರೂ ಇದ್ರೆ ದಯವಿಟ್ಟು ಸ್ವಲ್ಪ ಉದ್ದಕ್ಕೇ ಬರೀರಿ, ಓದ್ತೀನಿ.

---

ಮಲ್ಲೇಶ್ವರ_8ನೇಕ್ರಾಸ್

ಒಳ್ಳೆ ಪ್ರಶ್ನೆ ಕೇಳಿದೀರ. ನಾನು ಆಗ ಬೆಂಗಳೂರಲ್ಲೇ ಕಾಲೇಜಲ್ಲಿದ್ದೆ. ಮೊದಲು ಆ ವರ್ಷದ ಬೆಂಗಳೂರು ಹೆಂಗಿತ್ತು ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ಅದಿಲ್ದೆ ಮಿಕ್ಕಿದ್ದು ಅರ್ಥ ಆಗಲ್ಲ.

1996 ಅನ್ನೋದು ಬೆಂಗಳೂರಿಗೆ ತಲೆ ತಿರುಗೋ ಅಂಥ ವರ್ಷ. ಜೂನ್ 1ಕ್ಕೆ ದೇವೇಗೌಡ್ರು ಪ್ರಧಾನಿ ಆದ್ರು, ಅವ್ರ ಜಾಗಕ್ಕೆ ಜೆ.ಎಚ್. ಪಟೇಲ್ ಮುಖ್ಯಮಂತ್ರಿ ಆಗಿ ಬಂದ್ರು. ಅದೇ ಚಿನ್ನಸ್ವಾಮಿ ಸ್ಟೇಡಿಯಮ್ಮಿಗೆ ವರ್ಲ್ಡ್ ಕಪ್ಪಿಗೋಸ್ಕರ ಹೊಸದಾಗಿ ಫ್ಲಡ್ ಲೈಟ್ ಹಾಕಿದ್ರು, ಮಾರ್ಚ್ 9ಕ್ಕೆ ಪಾಕಿಸ್ತಾನದ ಮೇಲಿನ ಕ್ವಾರ್ಟರ್ ಫೈನಲ್, ನಮ್ಮ ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲನ್ನ ಬೌಲ್ಡ್ ಮಾಡಿದ್ದು. ಅಕ್ಟೋಬರ್ 21ಕ್ಕೆ ಟೈಟಾನ್ ಕಪ್, ಆಸ್ಟ್ರೇಲಿಯಾ ವಿರುದ್ಧ, ತೆಂಡೂಲ್ಕರ್ 88 ಹೊಡ್ದು ಔಟಾದ ಮೇಲೆ ಮ್ಯಾಚ್ ಹೋಯ್ತು ಅಂತ ಎಲ್ರೂ ಕೈಬಿಟ್ಟಾಗ ಕುಂಬ್ಳೆ ಶ್ರೀನಾಥ್ ಇಬ್ರೇ ನಿಂತು ಗೆಲ್ಸಿದ್ರು. ಅದಾಗಿ ಒಂದೇ ತಿಂಗಳಿಗೆ ಅದೇ ಮೈದಾನದಲ್ಲಿ 88 ದೇಶದ ಹುಡುಗೀರು. ಅಂದ್ರೆ ಆ ವರ್ಷ ಪ್ರಪಂಚದ ಕ್ಯಾಮೆರಾ ಎಲ್ಲ ಒಂದೇ ಜಾಗಕ್ಕೆ ತಿರುಗಿ ತಿರುಗಿ ಬರ್ತಿತ್ತು. ಸರ್ಕಾರಕ್ಕೂ ಅದೇ ಬೇಕಿತ್ತು. ಬೆಂಗಳೂರು ಅಂದ್ರೆ ಬರೀ ಪಿಂಚಣಿದಾರರ ಊರಲ್ಲ, ಇಲ್ಲಿ ಬಂಡವಾಳ ಹಾಕ್ಬೋದು, ಟೂರಿಸ್ಟ್ ಬರ್ಬೋದು ಅಂತ ತೋರಿಸ್ಕೊಳ್ಳೋ ಆಸೆ. ಪಟೇಲ್ರು ಅದನ್ನ ಮುಚ್ಚುಮರೆ ಇಲ್ದೆ ಹೇಳ್ತಿದ್ರು, ವಿರೋಧ ಎಷ್ಟೇ ಬಂದ್ರೂ ಒಂದಿಂಚೂ ಹಿಂದೆ ಸರೀಲಿಲ್ಲ.

ಇನ್ನು ಪೊಲೀಸ್ ವಿಷಯ, ನಿಮ್ಮ ಚಿಕ್ಕಪ್ಪ ಹೇಳಿದ್ದು ಅಕ್ಷರಶಃ ನಿಜ. ಹತ್ತು ಸಾವಿರಕ್ಕೂ ಜಾಸ್ತಿ ಜನ ಪೊಲೀಸ್ರು, ಹೊರಗಿಂದ ಬಂದ ಅರೆಸೇನಾ ಪಡೆ ಬೇರೆ. ಎಂ.ಜಿ. ರೋಡ್, ಕಬ್ಬನ್ ಪಾರ್ಕ್ ಸುತ್ತಮುತ್ತ ಬ್ಯಾರಿಕೇಡ್. ಮಹಿಳಾ ಜಾಗರಣ ಅನ್ನೋ ಸಂಘಟನೆಯವ್ರು ಪ್ರೇಕ್ಷಕರ ಮಧ್ಯೆನೇ ಕೂತಿದ್ದು ಬೆಂಕಿ ಹಚ್ಕೊಂಡು ಪ್ರಾಣ ಬಿಡ್ತೀವಿ ಅಂದಿದ್ರು, ರೈತ ಸಂಘದವ್ರು ಸ್ಟೇಡಿಯಮ್ಮಿಗೇ ಬೆಂಕಿ ಇಡ್ತೀವಿ ಅಂದಿದ್ರು. ಇದೆಲ್ಲ ಬರೀ ಬಾಯಿಮಾತು ಅಂತ ತಳ್ಳಿಹಾಕೋ ಹಾಗೂ ಇರ್ಲಿಲ್ಲ, ಯಾಕಂದ್ರೆ ನವೆಂಬರ್ ಮಧ್ಯದಲ್ಲಿ ಮಧುರೈಯಲ್ಲಿ ಒಬ್ಬ ಯುವಕ ಈ ಸ್ಪರ್ಧೆ ಬೇಡ ಅಂತ ಮೈಗೆ ಬೆಂಕಿ ಹಚ್ಕೊಂಡು ಸತ್ತೇ ಹೋದ. ಟೈಲರ್ ಕೆಲಸ ಮಾಡ್ಕೊಂಡಿದ್ದ ಹುಡುಗ. ಇವತ್ತು ಈ ವಿಷಯ ಎತ್ತಿದ್ರೆ ಎಲ್ರೂ ಪೊಲೀಸ್ ಸಂಖ್ಯೆ ಹೇಳ್ತಾರೆ, ಅಮಿತಾಭ್ ಹೆಸ್ರು ಹೇಳ್ತಾರೆ, ಆ ಹುಡುಗನ್ನ ನೆನೆಸ್ಕೊಳ್ಳೋರು ಕಮ್ಮಿ, ನಂಗೆ ಅದು ಬಹಳ ಬೇಜಾರು.

ಕೋರ್ಟಿಗೂ ಹೋಯ್ತು. ಹೈಕೋರ್ಟಲ್ಲಿ ವಾದ ಆಗಿ ಷರತ್ತಿನ ಮೇಲೆ ನಡೆಸ್ಕೊಳ್ಳಿ ಅಂತಾಯ್ತು. ಸ್ವಿಮ್‌ಸೂಟ್ ರೌಂಡನ್ನ ಮಾತ್ರ ಬೆಂಗಳೂರಿಂದ ಎತ್ತಿ ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಕ್ಕೆ ಒಯ್ದು ಅಲ್ಲೇ ಮಾಡಿಸ್ಕೊಂಡು ಬಂದ್ರು. ರೈತರ ಕಥೆ ನಂಗಿಂತ ಚೆನ್ನಾಗಿ ಹೇಳೋರು ಇಲ್ಲಿದಾರೆ, ಅವ್ರು ಬರೀಲಿ.

---

ನವಲಗುಂದ_ಎರಿಮಣ್ಣು

ಮಲ್ಲೇಶ್ವರದವ್ರು ನನ್ನನ್ನ ಕರದಂಗ ಆತು, ಬರೀತೇನಿ ತಗೋರಿ.

ರೈತರಿಗೂ ಇದಕ್ಕೂ ಏನ್ ಸಂಬಂಧ ಅಂತ ಕೇಳೀರಿ. ಈ ಪ್ರಶ್ನೆ ಆವಾಗಿನ ಇಂಗ್ಲಿಷ್ ಪೇಪರದವ್ರೂ ಕೇಳಿದ್ರು, ಕೇಳಿ ನಕ್ಕೂ ಬಿಟ್ರು. ಹಸಿರು ಶಾಲಿನವ್ರಿಗೆ ಹೆಣ್ಮಕ್ಕಳ ಬಟ್ಟಿ ಚಿಂತಿ ಯಾಕ ಅಂತ. ಬಟ್ಟಿ ಚಿಂತಿ ಅಲ್ಲರೀ ಅದು. 1980ರಾಗ ನಮ್ಮ ನರಗುಂದ ನವಲಗುಂದದಾಗ ನೀರಿನ ಕರದ ಸಲುವಾಗಿ ರೈತರು ಎದ್ದರು, ಗೋಲಿಬಾರ್ ಆತು, ಜನ ಸತ್ತರು. ಅದರ ಬೆನ್ನಿಗೇ ರೈತ ಸಂಘ ಕಟ್ಟಿದ್ದು. ಹತ್ತು ವರ್ಷ ಸಾಲ, ಜಪ್ತಿ, ಬೆಲಿ ಇವುಗಳ ಮ್ಯಾಲೇ ಹೋರಾಟ ನಡೀತು. 1991ರಾಗ ದೇಶದ ಪೇಟಿ ಹೊರಗಿನ ಕಂಪನಿಗಳಿಗೆ ತೆರದ ನಂತರ ರೈತ ಸಂಘದ ಮುಂದಾಳು ಪ್ರೊಫೆಸರ್ ನಂಜುಂಡಸ್ವಾಮಿ ಅವರು ಒಂದ ಮಾತ ಹಿಡದ್ರು: ಇನ್ನ ಮುಂದ ನಮ್ಮ ಜಗಳ ಬರೀ ತಹಸೀಲ್ದಾರನ ಜೋಡಿ ಅಲ್ಲ, ಬೀಜ ಮಾರಾಕ ಬರೋ ಕಂಪನಿ ಜೋಡಿ ಐತಿ ಅಂತ.

ಅದರ ಪ್ರಕಾರನ ನಡದ್ರು ನೋಡ್ರಿ. 1992 ಡಿಸೆಂಬರ್‌ನ್ಯಾಗ ಬೆಂಗಳೂರಿನ ಕಾರ್ಗಿಲ್ ಬೀಜದ ಕಂಪನಿ ಆಫೀಸಿಗೆ ನುಗ್ಗಿ ಕಾಗದ ಪತ್ರ ಹೊರಗ ತಂದು ಸುಟ್ಟರು. ಮರುವರ್ಷ ಬಳ್ಳಾರಿ ಕಡೆ ಅದೇ ಕಂಪನಿ ಘಟಕದ ಮ್ಯಾಲೆ ಹೋದ್ರು. 1993ರಾಗನ ಡಂಕೆಲ್ ಪ್ರಸ್ತಾವ, ಅಂದ್ರ ಜಾಗತಿಕ ವ್ಯಾಪಾರ ಒಪ್ಪಂದದ ಕರಡು, ಅದರ ವಿರುದ್ಧ ಬೆಂಗಳೂರಾಗ ಲಾರಿ ಲಾರಿ ಜನ ಸೇರಿದ್ರು, ನಮ್ಮೂರಿಂದನೂ ಹೋಗಿದ್ರು, ರೊಟ್ಟಿ ಬುತ್ತಿ ಕಟ್ಗೊಂಡು. 1995ರಾಗ ಕೆಂಟಕಿ ಚಿಕನ್ ಅಂಗಡಿ ಬೆಂಗಳೂರಿಗೆ ಬಂತು, 1996 ಜನವರಿ 30ಕ್ಕ, ಗಾಂಧಿ ಸತ್ತ ದಿನ ನೋಡ್ಕೊಂಡನ ಅದರ ಮ್ಯಾಲೆ ದಾಳಿ ಮಾಡಿದ್ರು. ಅದೇ ವರ್ಷ ನವೆಂಬರಿಗೆ ಮಿಸ್ ವರ್ಲ್ಡ್. 1998ರಾಗ ರಾಯಚೂರು ಬಳ್ಳಾರಿ ಕಡೆ ಮಾನ್ಸಾಂಟೋ ಅನ್ನೋ ಬೀಜದ ಕಂಪನಿ ಹತ್ತಿ ಹೊಲಕ್ಕ ಬೆಂಕಿ. ಈಗ ಇದನ್ನೆಲ್ಲ ಒಂದ ಸಾಲಿನ್ಯಾಗ ಇಟ್ಟ ನೋಡ್ರಿ, ಮಿಸ್ ವರ್ಲ್ಡ್ ನಡುವ ಎಲ್ಲಿ ಬರ್ತೈತಿ ಅಂತ ತಿಳಿತೈತಿ. ಬೀಜ, ಕೋಳಿ, ಸೌಂದರ್ಯ, ಹತ್ತಿ. ನಂಜುಂಡಸ್ವಾಮಿ ಅವರಿಗೆ ನಾಕೂ ಒಂದ ದಾರಿಲೇ ಬರೋ ಸರಕು. ಊರಾಗ ಏನ್ ಬೆಳೀಬೇಕು, ಏನ್ ತಿನ್ನಬೇಕು, ಯಾರು ಚೆಂದ ಅನ್ನಬೇಕು, ಇದನ್ನೆಲ್ಲ ಹೊರಗಿನ ಪೇಟಿ ತೀರ್ಮಾನ ಮಾಡೂದು ಬ್ಯಾಡ ಅನ್ನೂದು ಅವರ ವಾದ.

ಬೆಂಕಿ ಇಡ್ತೀವಿ ಅನ್ನೋ ಮಾತು ನನಗ ಆವತ್ತೂ ಒಪ್ಪಿಗಿ ಇದ್ದಿಲ್ಲ, ಇವತ್ತೂ ಇಲ್ಲ, ಮೈದಾನದಾಗ ಸಾವಿರಾರು ಜನ ಕುಂದರೂ ಜಾಗ ಅದು. ಆದ್ರ ಅವರನ್ನ ಸಂಸ್ಕೃತಿ ಕಾಯೋ ಗುಂಪಿನ್ಯಾಗ ಸೇರಿಸೂದು ಭಾಳ ದೊಡ್ಡ ಅನ್ಯಾಯ.

ಇನ್ನೊಂದು ಹೇಳಬೇಕು. ಪಟೇಲ್ರೂ ನಂಜುಂಡಸ್ವಾಮಿಯವ್ರೂ ಇಬ್ಬರೂ ಲೋಹಿಯಾ ಗರಡಿಯವ್ರು, ಶಾಂತವೇರಿ ಗೋಪಾಲಗೌಡರ ಕಾಲದ ಸಮಾಜವಾದಿ ಬಳಗದಾಗ ಬೆಳದವ್ರು. ಪಟೇಲ್ರು 1967ರಾಗ ಶಿವಮೊಗ್ಗದಿಂದ ಗೆದ್ದು ಲೋಕಸಭಾದಾಗ ಕನ್ನಡದಾಗ ಮಾತಾಡಿದವ್ರು, ಇಂಗ್ಲಿಷ್ ಯಜಮಾನಿಕಿ ಬ್ಯಾಡ ಅಂತ. ಮೂವತ್ತ ವರ್ಷದ ಮ್ಯಾಲೆ ಒಬ್ಬರು ವಿಧಾನಸೌಧದ ಒಳಗ, ಒಬ್ಬರು ಬೀದ್ಯಾಗ, ಎದುರಾ ಬದುರಾ ನಿಂತ್ರು. ಪಟೇಲ್ರು ಲೋಹಿಯಾರ ಕಡೆಯಿಂದ ತಗೊಂಡಿದ್ದು ಹೆಣ್ಣು ಗಂಡಿನ ವಿಷಯದಾಗ ಮಡಿ ಬ್ಯಾಡ ಅನ್ನೋ ಧೈರ್ಯ, ನಂಜುಂಡಸ್ವಾಮಿ ತಗೊಂಡಿದ್ದು ಪರದೇಶಿ ಬಂಡವಾಳದ ಮ್ಯಾಲಿನ ಸಿಟ್ಟು. ಎರಡೂ ಒಬ್ಬನ ಗುರುವಿನ ಪಾಠ. ಇದನ್ನ ಯಾರರ ಕುಂತು ಸರಿಯಾಗಿ ಬರದ್ರ ಒಂದು ಪುಸ್ತಕನ ಆಗತೈತಿ.

---

ಸುಮತಿ_ಶಿವಮೊಗ್ಗ

ನವಲಗುಂದದವ್ರು ಬರ್ದಿದ್ದು ಓದಿ ತುಂಬಾ ಖುಷಿ ಆಯ್ತು. ಪಟೇಲ್ರ ವಿಷಯ ನಮ್ಮ ಚನ್ನಗಿರಿ ಕಡೆಯೋರಿಗೆ ಇನ್ನೂ ನೆನಪಿದೆ, ಕಾರಿಗನೂರಿನವ್ರು ಅವ್ರು.

ನಾನು ಮಹಿಳಾ ಸಂಘಟನೆಗಳ ಪಾಲು ಹೇಳ್ತೀನಿ, ಯಾಕಂದ್ರೆ ಈ ಇಡೀ ಕಥೆಯಲ್ಲಿ ಅತಿ ಹೆಚ್ಚು ಕಳೆದುಹೋಗಿರೋದು ಅವ್ರ ಮಾತೇ. ಆಗ ವಿರೋಧ ಮಾಡಿದ ಹೆಂಗಸ್ರಲ್ಲಿ ಎರಡು ಬೇರೆ ಬೇರೆ ಗುಂಪು. ಒಂದು ಗುಂಪು ಭಾರತೀಯ ನಾರಿ, ಮಾನ, ಮರ್ಯಾದೆ ಅಂತ ಮಾತಾಡ್ತಿತ್ತು, ಬಿಜೆಪಿ ಮತ್ತೆ ಅದರ ಹತ್ತಿರದವ್ರು ಇದ್ದದ್ದು ಈ ಕಡೆ. ಇನ್ನೊಂದು ಗುಂಪು, ಜನವಾದಿ ಮಹಿಳಾ ಸಂಘಟನೆ ಥರದ ಎಡಪಂಥೀಯರು, ಬೆಂಗಳೂರಿನ ಸ್ವತಂತ್ರ ಮಹಿಳಾ ಗುಂಪುಗಳು, ಇವ್ರ ತಕರಾರು ಬಟ್ಟೆ ಎಷ್ಟುದ್ದ ಅನ್ನೋದಲ್ಲ. ಹೆಣ್ಣಿನ ಮೈಯನ್ನ ಅಳತೆ ಹಾಕಿ ಮಾರ್ಕ್ಸ್ ಕೊಡೋದು, ಅದನ್ನ ತೋರ್ಸಿ ಕ್ರೀಮು ಶಾಂಪೂ ಮಾರೋದು, ಅದಕ್ಕೆ ಸರ್ಕಾರ ಪೊಲೀಸ್ ಖರ್ಚು ಹಾಕೋದು, ಇದು ಅವ್ರ ಪ್ರಶ್ನೆ. ಮೊದಲನೇ ಗುಂಪಿನವ್ರು ಹುಡುಗೀರಿಗೆ ಸೀರೆ ಉಡ್ಸಿದ್ರೆ ಸಮಾಧಾನ ಆಗ್ತಿದ್ರೇನೋ, ಎರಡನೇ ಗುಂಪಿಗೆ ಸೀರೆ ಉಡ್ಸಿ ಅಳತೆ ಹಾಕಿದ್ರೂ ಅದು ಅಳತೆನೇ. ಆದ್ರೆ ಟಿವಿ ಕ್ಯಾಮೆರಾಕ್ಕೆ ಈ ವ್ಯತ್ಯಾಸ ಬೇಕಿರ್ಲಿಲ್ಲ, ಬೆಂಕಿ ಹಚ್ಕೊಳ್ತೀನಿ ಅಂದೋರ ಮುಂದೆನೇ ಮೈಕ್ ಹೋಗಿ ನಿಲ್ತಿತ್ತು. ಎರಡನೇ ಗುಂಪಿನವ್ರಿಗೆ ಇದು ಎಷ್ಟು ಸಂಕಟ ಆಗಿತ್ತು ಅಂದ್ರೆ ತಮ್ಮ ಭಿತ್ತಿಪತ್ರದಲ್ಲಿ ನಾವು ಯಾವುದನ್ನ ವಿರೋಧಿಸ್ತೀವಿ ಅನ್ನೋದ್ರ ಜೊತೆಗೆ ನಾವು ಯಾರಲ್ಲ ಅಂತಾನೂ ಬರೀಬೇಕಾಗಿತ್ತು.

ಆ ತಿಂಗಳುಗಳಲ್ಲೇ ಇನ್ನೇನು ನಡೀತಿತ್ತು ಅಂತ ನೋಡಿ. 1996 ಸೆಪ್ಟೆಂಬರ್ 12ಕ್ಕೆ ದೇವೇಗೌಡ್ರ ಸರ್ಕಾರ ಲೋಕಸಭೆಯಲ್ಲಿ ಮಹಿಳಾ ಮೀಸಲಾತಿ ಮಸೂದೆ ಮಂಡಿಸ್ತು, ಮೂರನೇ ಒಂದು ಭಾಗ ಸೀಟು. ಅದು ಗೀತಾ ಮುಖರ್ಜಿ ಅವ್ರ ಜಂಟಿ ಸಮಿತಿಗೆ ಹೋಗಿ ಡಿಸೆಂಬರಲ್ಲಿ ವರದಿ ಬಂತು, ಅಂದ್ರೆ ಮಿಸ್ ವರ್ಲ್ಡ್ ಗಲಾಟೆ ಆಗ್ತಿದ್ದ ಅದೇ ನವೆಂಬರಲ್ಲಿ ಆ ಸಮಿತಿ ಕೂತು ಕೆಲಸ ಮಾಡ್ತಿತ್ತು. ನಮ್ಮ ಕರ್ನಾಟಕಕ್ಕೆ ಈ ವಿಷಯ ಹೊಸದಲ್ಲ, 1983ರ ಕಾಯ್ದೆಯಲ್ಲೇ ಮಂಡಲ ಪಂಚಾಯ್ತಿ ಜಿಲ್ಲಾ ಪರಿಷತ್ತಲ್ಲಿ ಹೆಂಗಸ್ರಿಗೆ 25 ಪರ್ಸೆಂಟ್ ಇಟ್ಟಿದ್ವಿ, 1987ರ ಚುನಾವಣೆಯಲ್ಲಿ ಸಾವಿರಾರು ಹೆಂಗಸ್ರು ಗೆದ್ದು ಕುರ್ಚಿ ಮೇಲೆ ಕೂತ್ರು. ಆದ್ರೂ 1996ರ ನವೆಂಬರಲ್ಲಿ ಹೆಣ್ಣಿನ ವಿಷಯ ಅಂತ ಬಸ್ಸಲ್ಲಿ, ಹೋಟೆಲಲ್ಲಿ, ವಿಧಾನಸೌಧದಲ್ಲಿ ಎಲ್ಲ ಕಡೆ ಚರ್ಚೆ ಆಗಿದ್ದು ಸ್ವಿಮ್‌ಸೂಟು. ಲೋಕಸಭೆ ಮೀಸಲಾತಿ ಪಾಸಾಗೋಕೆ 2023 ಬರ್ಬೇಕಾಯ್ತು.

ಇನ್ನೊಂದು ವಿಷಯ, ಬರೆಯೋಕೂ ಕಷ್ಟ. ತೊಂಬತ್ತರ ದಶಕದ ಬೆಂಗಳೂರಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಬರ್ತಿದ್ದ ಚಿಕ್ಕ ವಯಸ್ಸಿನ ಹೆಂಡತಿಯರ ಲೆಕ್ಕ ಇಟ್ಟು, ಸ್ಟವ್ ಸಿಡೀತು ಅಂತ ಕೇಸು ಮುಚ್ಚಬೇಡಿ ಅಂತ ಪೊಲೀಸ್ರ ಹಿಂದೆ ಬಿದ್ದಿದ್ದು ವಿಮೋಚನಾ ಥರದ ಸಂಘಟನೆಗಳು. ಅದಕ್ಕೆ ಯಾವ ಸ್ಟೇಡಿಯಮ್ಮೂ ತುಂಬ್ಲಿಲ್ಲ, ಹೆಣ್ಣಿನ ಮಾನ ಅಂತ ಬೀದಿಗಿಳಿದಿದ್ದ ಎಷ್ಟೋ ಜನ ಆ ವಾರ್ಡಿನ ಕಡೆ ತಲೆ ಹಾಕ್ಲಿಲ್ಲ. ನಂಗೆ ಸಿಟ್ಟು ಇರೋದು ಇಲ್ಲಿ. ಸ್ಪರ್ಧೆ ಮಾಡಿದೋರ ಮೇಲೂ, ಮಾನದ ಹೆಸರಲ್ಲಿ ವಿರೋಧ ಮಾಡಿದೋರ ಮೇಲೂ.

---

ಕುಡ್ಲದ_ಕಡಲು

ಎಲ್ಲ ಒಳ್ಳೆದುಂಟು ಮಾರಾಯ್ರೆ, ಆದ್ರೆ ಇಷ್ಟುದ್ದ ಮಾತಾಡಿ ಸ್ಪರ್ಧೆಗೆ ಬಂದ ಹುಡುಗಿಯರ ಬಗ್ಗೆ ಒಬ್ಬರೂ ಒಂದು ಸಾಲು ಬರೀಲಿಲ್ಲ. ನಾನು ಸಣ್ಣದಿರುವಾಗಿಂದ ಈ ಸ್ಪರ್ಧೆಗಳನ್ನು ಬಿಡದೆ ನೋಡುವವಳು, ನನಗೆ ಇದು ಇಷ್ಟ, ಅದನ್ನು ಹೇಳ್ಲಿಕ್ಕೆ ನಾಚಿಕೆ ಇಲ್ಲ.

ಗೆದ್ದದ್ದು ಐರೀನ್ ಸ್ಕ್ಲಿವಾ, ಗ್ರೀಸಿನವಳು, ಹದಿನೆಂಟರ ಹುಡುಗಿ. ಗ್ರೀಸ್ ದೇಶಕ್ಕೆ ಮಿಸ್ ವರ್ಲ್ಡ್ ಕಿರೀಟ ಬಂದದ್ದು ಅದೇ ಮೊದಲು. ಹಿಂದಿನ ವರ್ಷ ಗೆದ್ದಿದ್ದ ವೆನೆಜುವೆಲಾದ ಜಾಕ್ವೆಲಿನ್ ಅಗಿಲೆರಾ ಕಿರೀಟ ತೊಡಿಸಿದ್ದು. ಎರಡನೇ ಸ್ಥಾನ ಕೊಲಂಬಿಯಾದ ಕ್ಯಾರೊಲಿನಾ ಅರಾಂಗೊ, ಮೂರನೇದು ಬ್ರೆಜಿಲಿನ ಅನುಸ್ಕಾ ಪ್ರಾಡೊ. ನಮ್ಮ ದೇಶದ ರಾಣಿ ಜಯರಾಜ್ ಕೊನೆಯ ಐದರಲ್ಲಿ ಇದ್ರು. ತನ್ನ ದೇಶದಲ್ಲೇ ನಡೆಯುವ ಸ್ಪರ್ಧೆ, ಹೊರಗೆ ಕಲ್ಲು ಲಾಠಿ, ಒಳಗೆ ಅಷ್ಟು ಜನ, ಆ ಒತ್ತಡದಲ್ಲಿ ಐದರೊಳಗೆ ಬರುವುದು ಸಣ್ಣ ವಿಷಯ ಅಲ್ಲ, ಆದ್ರೆ ಅವರ ಹೆಸರು ಇವತ್ತು ಎಷ್ಟು ಜನಕ್ಕೆ ಗೊತ್ತುಂಟು ಹೇಳಿ.

ಆ ದಶಕದಲ್ಲಿ ನಮ್ಮವರು ಗೆದ್ದದ್ದು ನೋಡಿ. 1994ರಲ್ಲಿ ಮನಿಲಾದಲ್ಲಿ ಸುಷ್ಮಿತಾ ಸೇನ್ ಮಿಸ್ ಯೂನಿವರ್ಸ್, ಅದೇ ವರ್ಷ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ನಮ್ಮ ಮಂಗಳೂರಲ್ಲಿ ಹುಟ್ಟಿದ ಐಶ್ವರ್ಯಾ ರೈ ಮಿಸ್ ವರ್ಲ್ಡ್. 1997ರಲ್ಲಿ ಡಯಾನಾ ಹೇಡನ್, 1999ರಲ್ಲಿ ಯುಕ್ತಾ ಮುಖಿ, 2000ದಲ್ಲಿ ಪ್ರಿಯಾಂಕಾ ಚೋಪ್ರಾ, ಮತ್ತೆ ಮಿಸ್ ಯೂನಿವರ್ಸ್ ಬೆಂಗಳೂರಲ್ಲಿ ಬೆಳೆದ ಲಾರಾ ದತ್ತಾ. ಅದಕ್ಕೆ ಮೊದಲು 1966ರಲ್ಲಿ ರೀಟಾ ಫಾರಿಯಾ ಒಬ್ಬರೇ, ಅವರು ಕಿರೀಟ ಬಿಟ್ಟು ಡಾಕ್ಟರ್ ಆಗ್ಲಿಕ್ಕೆ ಹೋದವರು. ಕಂಪನಿಗಳಿಗೆ ಭಾರತದ ಮಾರ್ಕೆಟ್ ಬೇಕಿತ್ತು, ಹಾಗಾಗಿ ಗೆಲ್ಲಿಸಿದ್ರು ಅಂತ ಎಲ್ಲರೂ ಹೇಳುದು ಕೇಳಿದ್ದೇನೆ. ಮಾರ್ಕೆಟ್ ಬೇಕಿತ್ತು ನಿಜ. ಆದ್ರೆ 1996ರಲ್ಲಿ ಸ್ಪರ್ಧೆಯೇ ಭಾರತದಲ್ಲಿ ಆಯ್ತಲ್ಲ, ಆಗ ಗೆದ್ದದ್ದು ಗ್ರೀಸ್. ಬರೀ ಮಾರ್ಕೆಟ್ ಲೆಕ್ಕ ಆಗಿದ್ರೆ ಅವತ್ತು ರಾಣಿ ಜಯರಾಜ್ ಗೆಲ್ಬೇಕಿತ್ತು.

ಮತ್ತೆ ಸೆಶೆಲ್ಸ್ ವಿಷಯ. ನಾವು ಬೇಡ ಅಂದ ಒಂದು ರೌಂಡ್ ಹೋದದ್ದಲ್ಲ ಅಲ್ಲಿಗೆ, ಮುಂದೆ 1997 ಮತ್ತು 1998ರ ಪೂರ್ತಿ ಸ್ಪರ್ಧೆಯನ್ನೇ ಆ ಪುಟ್ಟ ದ್ವೀಪದವರು ಮಾಡಿದ್ರು. ಡಯಾನಾ ಹೇಡನ್ ಗೆದ್ದದ್ದು ಅಲ್ಲೇ.

ಸುಮತಿಯವರೇ, ಅಳತೆ ಹಾಕುವುದು ಸರಿ ಅಲ್ಲ ಎನ್ನುವ ನಿಮ್ಮ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದ್ರೆ ನಮ್ಮ ಕಡೆ ಸಾಧಾರಣ ಮನೆಯ ಹುಡುಗಿಯರಿಗೆ ಐಶ್ವರ್ಯಾ ಗೆದ್ದದ್ದು ಒಂದು ಬಾಗಿಲು ತೆರೆದ ಹಾಗೆ ಆಗಿತ್ತು. ಊರಿನ ಶ್ರೀನಿಧಿ ಶೆಟ್ಟಿ 2016ರಲ್ಲಿ ಮಿಸ್ ಸುಪ್ರಾನ್ಯಾಷನಲ್ ಆದ್ರು, ಇಂಜಿನಿಯರಿಂಗ್ ಓದಿದ ಹುಡುಗಿ, ಆಮೇಲೆ ಕನ್ನಡ ಸಿನಿಮಾಕ್ಕೆ ಬಂದ್ರು. ವೇದಿಕೆ ಮೇಲೆ ನಿಲ್ಲುವ ಆಸೆ ಆ ಹುಡುಗಿಯರದ್ದೇ ಸ್ವಂತ ಆಸೆ, ಯಾರೂ ಕಿವಿಯಲ್ಲಿ ಊದಿದ್ದಲ್ಲ.

---

ಹಾಸನದ_ಹೈದ (ಪ್ರಶ್ನೆ ಕೇಳಿದವರು)

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಸಿಗುತ್ತೆ ಅಂದ್ಕೊಂಡಿರ್ಲಿಲ್ಲ. ಇನ್ನೆರಡು ಕೇಳ್ತೀನಿ. ಅಮಿತಾಭ್ ಕಂಪನಿ ಮುಳುಗಿದ್ದು ಇದ್ರಿಂದಾನೇನಾ? ಮತ್ತೆ ಬೇರೆ ದೇಶಗಳಲ್ಲಿ ಇಷ್ಟು ದೊಡ್ಡ ವಿರೋಧ ಎಲ್ಲಾದ್ರೂ ಆಗಿತ್ತಾ, ಇಲ್ಲ ನಮ್ಮಲ್ಲಿ ಮಾತ್ರಾನಾ?

---

ಮಲ್ಲೇಶ್ವರ_8ನೇಕ್ರಾಸ್

ಅಮಿತಾಭ್ ಅವ್ರ ಕಂಪನಿ ಎಬಿಸಿಎಲ್ ಶುರುವಾಗಿದ್ದು 1995ರಲ್ಲಿ. ಸಿನಿಮಾ ಮಾಡೋದು, ಹಂಚೋದು, ಟಿವಿ, ಮ್ಯೂಸಿಕ್, ಈವೆಂಟು, ಎಲ್ಲಾನೂ ಒಂದೇ ಕಂಪನಿ ಕೆಳಗೆ ತರೋ ಯೋಚನೆ, ಮನರಂಜನೆನ ಕಾರ್ಪೊರೇಟ್ ಥರ ನಡೆಸ್ಬೋದು ಅಂತ ಇಲ್ಲಿ ಅಷ್ಟು ದೊಡ್ಡ ಮಟ್ಟದಲ್ಲಿ ಪ್ರಯತ್ನ ಪಟ್ಟ ಮೊದಲಿಗರಲ್ಲಿ ಅವ್ರೂ ಒಬ್ರು. ಮಿಸ್ ವರ್ಲ್ಡ್ ನಷ್ಟ ಮಾಡ್ತು ನಿಜ, ಆದ್ರೆ ಅದೊಂದೇ ಅಲ್ಲ, ಅವ್ರ ಸಿನಿಮಾಗಳೂ ಕೈಕೊಟ್ವು. ಬೆಂಗಳೂರಿನ ಶೋ ಅಂತೂ ಸಣ್ಣದಾಗಿ ಮಾಡಿರ್ಲಿಲ್ಲ, ಪ್ರಿಯದರ್ಶನ್ ಅಂಥ ನಿರ್ದೇಶಕರನ್ನ ಕರ್ಸಿ ಕ್ರಿಕೆಟ್ ಮೈದಾನದ ಒಳಗೆ ಬೃಹತ್ ವೇದಿಕೆ ಕಟ್ಟಿದ್ರು. ಕೊನೆಗೆ ಕಂಪನಿ ರೋಗಗ್ರಸ್ತ ಅಂತ ಬಿಐಎಫ್ಆರ್ ಮುಂದೆ, ಅಂದ್ರೆ ನಷ್ಟದಲ್ಲಿರೋ ಕಂಪನಿಗಳ ವಿಷಯ ನೋಡ್ತಿದ್ದ ಸರ್ಕಾರಿ ಮಂಡಳಿ ಮುಂದೆ ಹೋಯ್ತು. 1999ರಲ್ಲಿ ಸಾಲ ವಸೂಲಿಗೆ ಕೆನರಾ ಬ್ಯಾಂಕ್ ಹಾಕಿದ್ದ ಕೇಸಲ್ಲಿ ಮುಂಬೈ ಮನೆ ಮಾರೋ ಹಾಗಿಲ್ಲ ಅಂತ ಬಾಂಬೆ ಹೈಕೋರ್ಟ್ ಅಮಿತಾಭ್ ಅವ್ರನ್ನ ತಡೀತು. ಕೆನರಾ ಬ್ಯಾಂಕ್ ಹೆಡ್ ಆಫೀಸ್ ಇರೋದು ಬೆಂಗಳೂರಲ್ಲೇ ಅನ್ನೋದು ಗೊತ್ತಲ್ಲ. ಮರುವರ್ಷ ಟಿವಿ ಕ್ವಿಜ್ ಕಾರ್ಯಕ್ರಮದಿಂದ ಮತ್ತೆ ಎದ್ದು ನಿಂತ್ರು, ಆ ವಯಸ್ಸಲ್ಲಿ ದಿನಾ ಕೆಲಸ ಮಾಡಿ ಸಾಲ ತೀರ್ಸಿದ್ದನ್ನ ನಾನು ಮನಸಾರೆ ಮೆಚ್ಕೋತೀನಿ.

ಬೇರೆ ದೇಶದ್ದು ಕೇಳಿದ್ರಿ. 1970ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಲ್ಲಿ ಸ್ತ್ರೀವಾದಿ ಹೆಂಗಸ್ರು ಟಿಕೆಟ್ ತಗೊಂಡು ಒಳಗೇ ಕೂತಿದ್ದು ಕಾರ್ಯಕ್ರಮದ ಮಧ್ಯೆ ಎದ್ದು ವೇದಿಕೆ ಕಡೆ ಹಿಟ್ಟಿನ ಪೊಟ್ಟಣ ಎಸೆದ್ರು, ನಿರೂಪಕ ಬಾಬ್ ಹೋಪ್ ವೇದಿಕೆ ಬಿಟ್ಟು ಓಡಿದ್ರು. ಅದೇ ರಾತ್ರಿ ಗೆದ್ದದ್ದು ಗ್ರೆನಡಾದ ಕಪ್ಪು ವರ್ಣದ ಹುಡುಗಿ ಜೆನಿಫರ್ ಹೋಸ್ಟನ್, ಮಿಸ್ ವರ್ಲ್ಡ್ ಗೆದ್ದ ಮೊದಲ ಕಪ್ಪು ಮಹಿಳೆ. ಸುಮತಿಯವ್ರ ವಾದವೂ ಕುಡ್ಲದವ್ರ ವಾದವೂ ಎರಡೂ ಆ ಒಂದೇ ರಾತ್ರಿಯಲ್ಲಿ ಇದೆ ನೋಡಿ. ಇನ್ನು 2002ರಲ್ಲಿ ನೈಜೀರಿಯಾದಲ್ಲಿ ಆಗಿದ್ದು ಘೋರ. ಒಂದು ಪತ್ರಿಕೆ ಬರಹದಿಂದ ಹತ್ತಿದ ಕಿಡಿ, ಕಡೂನಾ ಪಟ್ಟಣದಲ್ಲಿ ಇನ್ನೂರಕ್ಕೂ ಜಾಸ್ತಿ ಜನ ಸತ್ರು, ಸ್ಪರ್ಧೆನ ಲಂಡನ್ನಿಗೆ ಎತ್ಕೊಂಡು ಹೋದ್ರು. ಅದನ್ನ ನೋಡಿದ್ಮೇಲೆ ಬೆಂಗಳೂರು ಎಷ್ಟರಲ್ಲಿ ಪಾರಾಯ್ತು ಅನ್ಸುತ್ತೆ.

ಹಂಗೇ ಇನ್ನೊಂದು, ಅದೇ 1996ರ ನವೆಂಬರ್ 1ಕ್ಕೆ ಮುಂಬೈಯಲ್ಲಿ ಮೈಕಲ್ ಜಾಕ್ಸನ್ ಶೋ ಆಯ್ತು, ಅದನ್ನ ತಂದಿದ್ದು ಶಿವಸೇನೆ ಬಳಗದವ್ರು. ಪಾಶ್ಚಾತ್ಯ ಸಂಸ್ಕೃತಿ ಅನ್ನೋ ಆಕ್ಷೇಪ ಅಲ್ಲಿ ಮಾಯ, ಇಪ್ಪತ್ತೆರಡು ದಿನ ಬಿಟ್ಟು ಇಲ್ಲಿ ಪ್ರತ್ಯಕ್ಷ.

---

ಸುಮತಿ_ಶಿವಮೊಗ್ಗ

@ಕುಡ್ಲದ_ಕಡಲು, ಆಸೆ ಆ ಹುಡುಗಿಯರದ್ದೇ ಅಂದ್ರಲ್ಲ, ಅದನ್ನ ನಾನು ಗೌರವಿಸ್ತೀನಿ. ಆ ಹುಡುಗೀರನ್ನ ಕೆಟ್ಟವ್ರು ಅಂತ ಬೈದೋರ ಜೊತೆ ನಾನು ಯಾವತ್ತೂ ನಿಲ್ಲಲ್ಲ. ನನ್ನ ಪ್ರಶ್ನೆ ನಡೆಸೋರಿಗೆ. ಮಿಸ್ ವರ್ಲ್ಡ್‌ನವ್ರೇ 2014ರಲ್ಲಿ ಸ್ವಿಮ್‌ಸೂಟ್ ರೌಂಡ್ ಇನ್ಮುಂದೆ ಬೇಡ ಅಂತ ಕೈಬಿಟ್ರು, ಜೂಲಿಯಾ ಮಾರ್ಲಿ ಅವ್ರೇ ನಡೆಸ್ತಿದ್ದ ಸಂಸ್ಥೆ ಅದು, ಬೆಂಗಳೂರಿಗೆ ಬಂದಿದ್ದೂ ಅವ್ರೇ. 1951ರಲ್ಲಿ ಎರಿಕ್ ಮಾರ್ಲಿ ಇದನ್ನ ಶುರು ಮಾಡಿದ್ದೇ ಈಜುಡುಗೆ ಸ್ಪರ್ಧೆಯಾಗಿ. ಹಾಗಾದ್ರೆ ಅಷ್ಟು ವರ್ಷ ಆ ರೌಂಡ್ ಇಲ್ದೆ ಸ್ಪರ್ಧೆನೇ ಇಲ್ಲ ಅಂದಿದ್ದು ಯಾತಕ್ಕೆ? 2025ರ ಹೈದರಾಬಾದಲ್ಲಿ ಇಂಗ್ಲೆಂಡಿನ ಸ್ಪರ್ಧಿ ಮಿಲ್ಲಾ ಮ್ಯಾಗಿ ಮಧ್ಯದಲ್ಲೇ ಬಿಟ್ಟು ವಾಪಸ್ ಹೋದ್ರು, ಪ್ರಾಯೋಜಕರ ಮುಂದೆ ಕೂರಿಸಿದ ರೀತಿ ಸರಿ ಅನ್ನಿಸ್ಲಿಲ್ಲ ಅಂತ ಹೇಳಿದ್ರು, ಆಯೋಜಕರು ಹಂಗೇನಿಲ್ಲ ಅಂದ್ರು. ಅಂದ್ರೆ ಸ್ವಿಮ್‌ಸೂಟ್ ಹೋದ ಮೇಲೂ ಆ ಹಳೇ ತಕರಾರಿಗೆ ಜೀವ ಇದೆ. 1996ರಲ್ಲಿ ಒಂದು ರೌಂಡನ್ನ ಸೆಶೆಲ್ಸಿಗೆ ಸಾಗಿಸಿ ಸಮಸ್ಯೆ ಮುಗೀತು ಅಂದಿದ್ರಲ್ಲ, ಅದು ಬರೀ ಮೊದಲನೇ ಗುಂಪಿಗೆ ಕೊಟ್ಟ ಉತ್ತರ. ರೈತ್ರ ಪ್ರಶ್ನೆಗೂ ಅಲ್ಲ, ನಮ್ಮ ಪ್ರಶ್ನೆಗೂ ಅಲ್ಲ.

---

ಕುಡ್ಲದ_ಕಡಲು

ಸುಮತಿಯವರೇ, ನಡೆಸುವವರನ್ನು ಕೇಳುವ ಪ್ರಶ್ನೆ ಆದ್ರೆ ನಾನೂ ನಿಮ್ಮೊಟ್ಟಿಗೆ ಕೇಳ್ತೇನೆ. ಪ್ರಾಯೋಜಕರೊಟ್ಟಿಗೆ ಊಟಕ್ಕೆ ಕೂರಿಸುವುದು, ಮಂತ್ರಿಗಳೊಟ್ಟಿಗೆ ಫೋಟೋ ತೆಗೆಸುವುದು ಅದೆಲ್ಲ ನನಗೂ ಸಹಿಸ್ಲಿಕ್ಕೆ ಆಗುದಿಲ್ಲ. ಸ್ಪರ್ಧೆ ಬೇಡ ಅಂತ ಮಾತ್ರ ನಾನು ಹೇಳುವುದಿಲ್ಲ.

---

ನವಲಗುಂದ_ಎರಿಮಣ್ಣು

ಇಬ್ಬರೂ ಚಲೋ ಬರದ್ರಿ, ಇಷ್ಟು ಮರ್ಯಾದಿಲೇ ಈ ವಿಷಯ ಯಾರೂ ಮಾತಾಡಿದ್ದು ನಾ ನೋಡಿಲ್ಲ.

ಹಾಸನದ ತಮ್ಮಾ, ನಿಜವಾಗಿ ಓದಬೇಕಂದ್ರ ಬೆಂಗಳೂರಿನ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕ ಹೋಗು, ಇಲ್ಲಾ ಧಾರವಾಡದಾಗ ಯೂನಿವರ್ಸಿಟಿ ಲೈಬ್ರರಿಗೆ ಬಾ, ಹಳೇ ಪತ್ರಿಕಿ ಫೈಲ್ ಕೇಳು. 1996ರ ನವೆಂಬರ್ ಮೊದಲನೇ ವಾರದಿಂದ ತಿಂಗಳ ಕೊನೀತನಕ ತಗಿ. ಮುಖಪುಟದಾಗ ಬರೀ ಪೊಲೀಸು ಬಂದೋಬಸ್ತು ಸಿಗತೈತಿ, ಅದನ್ನ ದಾಟಿ ವಾಚಕರ ವಾಣಿಗೆ ಹೋಗು. ಹಳ್ಳಿ ಮೇಷ್ಟ್ರು, ಕಾಲೇಜ್ ಹುಡುಗ್ಯಾರು, ನಿವೃತ್ತ ಗುಮಾಸ್ತರು ಬರದ ಪತ್ರ ಅದಾವು ಅಲ್ಲಿ. ನಂಜುಂಡಸ್ವಾಮಿ ಭಾಷಣದ ವರದಿನೂ ಕನ್ನಡ ಪತ್ರಿಕ್ಯಾಗ ಇಂಗ್ಲಿಷಿನಕಿಂತ ಪೂರ್ತಿ ಇರ್ತಿದ್ವು. ಫೋಟೋ ತಗ್ಯಾಕ ಬಿಟ್ರ ತಗದು ಇಲ್ಲೇ ಹಾಕು, ನಾವೂ ಓದ್ತೇವಿ.